ಕೀಲಿ ಇಲ್ಲದ ವೈಫೈ ಯಾರಪ್ಪನ ಆಸ್ತಿ?

ಬೈಲಹೊಂಗಲದ ಬಜಾರಿನಲ್ಲಿ ರಾತ್ರಿ ಅಂಗಡಿಗಳ ಶಟರ್ ಬಿದ್ದ ಮೇಲೆ ಕಟ್ಟೆಗಳು ಖಾಲಿಯಾಗಬೇಕು. ಆಗುವುದಿಲ್ಲ. ನಾಲ್ಕೈದು ಹುಡುಗರು ಸಾಲಾಗಿ ಕುಳಿತಿರುತ್ತಾರೆ. ತಲೆ ಕೆಳಗೆ, ಮುಖದ ಮೇಲೆ ಮೊಬೈಲಿನ ಬೆಳಕು. ಮಾತಿಲ್ಲ, ಕತೆಯಿಲ್ಲ, ಇಸ್ಪೀಟೂ ಇಲ್ಲ. ಹಾದು ಹೋಗುವ ಹಿರಿಯರು "ಏನ್ರೋ, ಮನೀಗೆ ಹೋಗೂದಿಲ್ಲೇನು?" ಎಂದು ಗದರಿದರೆ ಒಬ್ಬ ತಲೆ ಎತ್ತದೆಯೇ ಹೇಳುತ್ತಾನೆ: "ಇಲ್ಲೆ ವೈಫೈ ಸಿಗತೈತ್ರಿ ಕಾಕಾ. ಪಾಸ್‌ವರ್ಡ್ ಇಲ್ಲ."

ಸವದತ್ತಿಯಲ್ಲಿ ಲಾಡ್ಜಿನ ಮೆಟ್ಟಿಲು, ಕಿತ್ತೂರಿನಲ್ಲಿ ಝೆರಾಕ್ಸ್ ಅಂಗಡಿಯ ಮುಂದಿನ ಬೆಂಚು, ರಾಮದುರ್ಗದಲ್ಲಿ ಯಾರದೋ ಮನೆಯ ಹಿತ್ತಲ ಗೋಡೆ. ಜಾಗ ಬೇರೆ, ದೃಶ್ಯ ಒಂದೇ. ತಿಂಗಳಾ ಬಿಲ್ಲು ಕಟ್ಟುವ ಸಾವಕಾರ ಒಳಗೆ ನಿದ್ದೆ ಹೊಡೆಯುತ್ತಿರುತ್ತಾನೆ. ಹೊರಗೆ ಅವನ ಲೈನಿನ ಮೇಲೆ ಸಿನಿಮಾ ಇಳಿಯುತ್ತಿರುತ್ತದೆ.

ಇದು ಕಳವೇ? ಊರಿನಲ್ಲಿ ಕೇಳಿದರೆ ಹತ್ತರಲ್ಲಿ ಒಂಬತ್ತು ಮಂದಿ ನಗುತ್ತಾರೆ. "ಗಾಳ್ಯಾಗ ಬರೂದು ಯಾರಪ್ಪಂದ್ರೀ? ಅವಂಗ ಬ್ಯಾಡಾಗಿದ್ರ ಕೀಲಿ ಹಾಕ್ಕೋಬೇಕಾಗಿತ್ತು." ಹತ್ತನೆಯವನು ವಕೀಲ. ಅವನೂ ಮೊದಲು ನಗುತ್ತಾನೆ, ಆಮೇಲೆ "ನೋಡಬೇಕಾಗತೈತಿ" ಅನ್ನುತ್ತಾನೆ.

ಗಾಳಿಯ ಮಾತು ಪೂರಾ ಸುಳ್ಳಲ್ಲ. 2005ರ ಜನವರಿಯಲ್ಲಿ ಕೇಂದ್ರ ಸರಕಾರ ಹೊರಡಿಸಿದ ನಿಯಮದ ಪ್ರಕಾರ 2.4 ಗಿಗಾಹರ್ಟ್ಸ್ ಪಟ್ಟಿಯ ತರಂಗದ ಮೇಲೆ ಕಡಿಮೆ ಶಕ್ತಿಯ ಯಂತ್ರ ನಡೆಸುವವರಿಗೆ ಲೈಸೆನ್ಸ್ ಬೇಕಿಲ್ಲ. ವೈಫೈ ಓಡಾಡುವ ಮುಖ್ಯ ದಾರಿಗಳಲ್ಲಿ ಅದೊಂದು. ಅಂದರೆ ಆ ತರಂಗ ಅಂಗಡಿಕಾರನದೂ ಅಲ್ಲ, ಟೆಲಿಫೋನ್ ಕಂಪನಿಯದೂ ಅಲ್ಲ. ಆದರೆ ತರಂಗ ಬೇರೆ, ಅದು ಹೋಗಿ ಮುಟ್ಟುವ ಪೆಟ್ಟಿಗೆ ಬೇರೆ. ಪೆಟ್ಟಿಗೆ ಅಂಗಡಿಕಾರನದು. ಅದರ ಹಿಂದಿನ ಲೈನು ಅವನ ಹೆಸರಿನಲ್ಲಿದೆ, ಬಿಲ್ಲೂ ಅವನ ಹೆಸರಿಗೇ ಬರುತ್ತದೆ. ರಸ್ತೆ ಎಲ್ಲರದು ಅಂದಮಾತ್ರಕ್ಕೆ ರಸ್ತೆಗೆ ಬಾಗಿಲಿರುವ ಮನೆಯೂ ಎಲ್ಲರದಾಗುವುದಿಲ್ಲ.

ಈ ಭಾಗದ ಹಿರಿಯರಿಗೆ ಇಲ್ಲಿ ರೇಡಿಯೋ ನೆನಪಾಗುವುದು ಸಹಜ. 1950ರ ಜನವರಿಯಲ್ಲಿ ಧಾರವಾಡ ಆಕಾಶವಾಣಿ ಶುರುವಾಯಿತು. ಆ ಕಾಲದಲ್ಲಿ ರೇಡಿಯೋ ಇಟ್ಟವನು ಅಂಚೆ ಕಚೇರಿಗೆ ಹೋಗಿ ಲೈಸೆನ್ಸ್ ಹಣ ಕಟ್ಟಿ, ಪುಸ್ತಕಕ್ಕೆ ಶಿಕ್ಕಾ ಹಾಕಿಸಿಕೊಂಡು ಬರಬೇಕಿತ್ತು. ಕಟ್ಟುವವನು ಒಬ್ಬ, ಕೇಳುವವರು ಓಣಿ ತುಂಬ. ಕಟ್ಟೆಯ ಮೇಲೆ ಕೂತು ಸುದ್ದಿ, ನಾಟಕ, ರೈತರ ಕಾರ್ಯಕ್ರಮ ಕೇಳಿದವರನ್ನು ಯಾರೂ ಕಳ್ಳರೆನ್ನಲಿಲ್ಲ. ರೇಡಿಯೋದ ಸಾವಕಾರನೇ ದನಿ ದೊಡ್ಡದು ಮಾಡಿ ಕಿಟಕಿಯಲ್ಲಿ ಇಡುತ್ತಿದ್ದ, ಅದರಲ್ಲಿ ಅವನಿಗೂ ಒಂದು ಗತ್ತು ಇತ್ತು. ಹಂಗಾದರೆ ವೈಫೈಗೆ ಮಾತ್ರ ಯಾಕೆ ಈ ತಕರಾರು?

ಯಾಕೆಂದರೆ ರೇಡಿಯೋ ಬರೀ ಹೇಳುತ್ತಿತ್ತು, ಹೇಳಿದ್ದನ್ನು ಕೇಳಿಸಿಕೊಳ್ಳುತ್ತಿರಲಿಲ್ಲ. ಕಟ್ಟೆಯ ಮೇಲೆ ಕೂತವನು ಆ ರೇಡಿಯೋದೊಳಗಿಂದ ಊರಿನ ಗೌಡರಿಗೆ ಬೈಗಳ ಕಳಿಸುವಂತಿರಲಿಲ್ಲ. ವೈಫೈಯಲ್ಲಿ ಅದು ಆಗುತ್ತದೆ. ಹೊರಗೆ ಕೂತವನು ಏನು ಕಳಿಸಲಿ, ಏನು ತರಿಸಲಿ, ಕಂಪನಿಯ ದಾಖಲೆಯಲ್ಲಿ ಮೊದಲು ಕಾಣುವುದು ಒಳಗೆ ಮಲಗಿದವನ ಹೆಸರು, ಒಳಗೆ ಮಲಗಿದವನ ವಿಳಾಸ. ಇದು ಪಕ್ಕದವನ ಬಾವಿಯಿಂದ ಒಂದು ಕೊಡ ನೀರು ಸೇದಿದಂತಲ್ಲ. ಪಕ್ಕದವನ ಅಂಗಡಿಯ ಲೆಟರ್‌ಹೆಡ್ ಮೇಲೆ ಕಾಗದ ಬರೆದು ಅಂಚೆಗೆ ಹಾಕಿದಂತೆ.

ಇದು ಸುಮ್ಮನೆ ಹೆದರಿಸುವ ಮಾತಲ್ಲ, ಆಗಿಹೋದ ಸಂಗತಿ. 2008ರ ಜುಲೈ 26ರ ಸಂಜೆ ಅಹಮದಾಬಾದಿನಲ್ಲಿ ಒಂದರ ಹಿಂದೊಂದು ಬಾಂಬು ಸಿಡಿದು 56 ಮಂದಿ ಸತ್ತರು. ಸಿಡಿಯುವ ಕೆಲವೇ ನಿಮಿಷ ಮೊದಲು ಸುದ್ದಿ ಸಂಸ್ಥೆಗಳಿಗೆ ಒಂದು ಇ-ಮೇಲ್ ಬಂದಿತ್ತು. ಪೊಲೀಸರು ಅದರ ಜಾಡು ಹಿಡಿದು ಹೋಗಿ ನಿಂತದ್ದು ನವಿ ಮುಂಬಯಿಯ ಒಂದು ಫ್ಲ್ಯಾಟಿನ ಬಾಗಿಲಲ್ಲಿ. ಅಲ್ಲಿ ಬಾಡಿಗೆಗಿದ್ದವನು ಒಬ್ಬ ಅಮೆರಿಕದವನು. ಅವನ ಕಂಪ್ಯೂಟರುಗಳು ಜಪ್ತಿಯಾದವು, ವಿಚಾರಣೆಯಾಯಿತು, ಹೆಸರು ದೇಶದ ಪತ್ರಿಕೆಗಳಲ್ಲೆಲ್ಲ ಬಂತು. ಕೊನೆಗೆ ತಿಳಿದದ್ದು ಇಷ್ಟೆ: ಬೇರೆ ಯಾರೋ ಅವನ ವೈಫೈ ಮೇಲೆ ಮೇಲ್ ಕಳಿಸಿದ್ದರು. ಆಗಸ್ಟಿನಲ್ಲಿ ಬಂದ ಇನ್ನೊಂದು ಮೇಲ್ ಮುಂಬಯಿಯ ಮಾಟುಂಗಾದ ಒಂದು ಕಾಲೇಜಿನ ವೈಫೈಯಿಂದ ಬಂದಿತ್ತು. ಸೆಪ್ಟೆಂಬರ್ 13ರಂದು ದಿಲ್ಲಿಯಲ್ಲಿ ಬಾಂಬು ಸಿಡಿದಾಗ ಬಂದ ಮೇಲ್ ಚೆಂಬೂರಿನ ಒಂದು ಕಂಪನಿಯ ವೈಫೈಯಿಂದ. ಎರಡು ತಿಂಗಳೊಳಗೆ ಮೂರು ಕಡೆ ಅದೇ ಯುಕ್ತಿ. ಅಹಮದಾಬಾದಿನ ಖಟ್ಲೆಯಲ್ಲಿ 2022ರ ಫೆಬ್ರುವರಿಯಲ್ಲಿ 49 ಮಂದಿ ಅಪರಾಧಿಗಳೆಂದು ತೀರ್ಪಾಯಿತು. ವೈಫೈ ಮಾಲೀಕ ಅವರಲ್ಲಿಲ್ಲ. ಆದರೆ ಮೊದಲ ದಿನ ಪೊಲೀಸರು ಬಂದದ್ದು ಮಾಲೀಕನ ಬಾಗಿಲಿಗೇ.

2009ರ ಜನವರಿಯಲ್ಲಿ ಮುಂಬಯಿ ಪೊಲೀಸರು ಲ್ಯಾಪ್‌ಟಾಪ್ ಹಿಡಿದು ಕೀಲಿ ಇಲ್ಲದ ವೈಫೈ ಹುಡುಕುತ್ತ ಬೀದಿ ತಿರುಗುವುದಾಗಿ ಸಾರಿದರು. ಫೆಬ್ರುವರಿಯಲ್ಲಿ ದೂರಸಂಪರ್ಕ ಇಲಾಖೆ ಕಂಪನಿಗಳಿಗೆ ಆದೇಶ ಹೊರಡಿಸಿತು: ಸಾರ್ವಜನಿಕ ಜಾಗದಲ್ಲಿ ವೈಫೈ ಕೊಡುವುದಾದರೆ ಬಳಸುವವನ ಗುರುತಿನ ಚೀಟಿಯ ನಕಲು ಇಟ್ಟುಕೊಳ್ಳಬೇಕು, ಇಲ್ಲವೆ ಅವನ ಮೊಬೈಲಿಗೆ ಗುಪ್ತಸಂಖ್ಯೆ ಕಳಿಸಿ ಒಳಗೆ ಬಿಡಬೇಕು, ಒಂದು ವರ್ಷ ದಾಖಲೆ ಕಾಯ್ದಿಡಬೇಕು. ದೊಡ್ಡ ಊರಿನ ಸ್ಟೇಶನ್ನು, ವಿಮಾನ ನಿಲ್ದಾಣಗಳಲ್ಲಿ ವೈಫೈ ಒತ್ತಿದ ಕೂಡಲೇ ಮೊಬೈಲ್ ನಂಬರು ಕೇಳುವುದು ಇದಕ್ಕೇ.

"ಆತು ಬಿಡ್ರಿ, ನಮ್ಮ ಊರಾಗ ಬಾಂಬು ಇಡವ್ರು ಯಾರದಾರ?" ಎಂದು ಕೇಳುವವರಿದ್ದಾರೆ. ಬಾಂಬಿನ ಮಾತು ಬೇಡ. ಕಾಲೇಜಿನ ಹುಡುಗಿಯ ಫೋಟೋ ಕದ್ದು ಅವಳ ಹೆಸರಿನಲ್ಲಿ ಸುಳ್ಳು ಖಾತೆ ತೆರೆಯುವುದಕ್ಕೆ ಬಾಂಬು ಬೇಕಿಲ್ಲ. ಮುದುಕರಿಗೆ ಬ್ಯಾಂಕಿನವನೆಂದು ನಂಬಿಸಿ ಒಟಿಪಿ ಕಸಿಯುವುದಕ್ಕೆ, ಜಾತಿ-ಜಾತಿ ನಡುವೆ ಬೆಂಕಿ ಹಚ್ಚುವ ವಿಡಿಯೋ ಹರಿಬಿಡುವುದಕ್ಕೆ ಒಂದು ಮೊಬೈಲ್, ಒಂದು ಅನಾಮಿಕ ಲೈನು ಸಾಕು. ಆ ಲೈನು ಬೈಲಹೊಂಗಲದ ಅರಳೆ ವ್ಯಾಪಾರಿಯದಾಗಿದ್ದರೆ, ರಾಮದುರ್ಗದ ನೇಕಾರನ ಮಗನದಾಗಿದ್ದರೆ, ಬೆಳಗಾವಿಯ ಸೈಬರ್ ಠಾಣೆಯಿಂದ ಬರುವ ನೋಟೀಸು ಅವನಿಗೇ. ಅವನು "ನಾ ಅಲ್ರೀ ಸಾಹೇಬ್ರ" ಅನ್ನಬಹುದು. ಹೌದು, ಅವನಲ್ಲ. ಆದರೆ ಯಾರು ಎಂದು ತೋರಿಸುವುದಕ್ಕೆ ಅವನ ಹತ್ತಿರ ಏನಿದೆ? ಮನೆಯ ಪೆಟ್ಟಿಗೆ ಬಂದವರ ಹೆಸರು ಬರೆದಿಡುವ ಲಾಡ್ಜಿನ ರಜಿಸ್ಟರ್ ಅಲ್ಲ. ಫೋನು ಕೊಟ್ಟು, ಲ್ಯಾಪ್‌ಟಾಪ್ ಕೊಟ್ಟು, ಅಂಗಡಿ ಬಿಟ್ಟು ಬೆಳಗಾವಿಗೆ ನಾಲ್ಕು ಸಲ ಓಡಾಡಿದ ಮೇಲೆ ಬಿಡುಗಡೆ. ಅಷ್ಟರಲ್ಲಿ ಓಣಿಯವರು ತಮ್ಮ ತೀರ್ಪು ಕೊಟ್ಟು ಮುಗಿಸಿರುತ್ತಾರೆ.

ಇನ್ನು ಕಾಯ್ದೆ. 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 43ನೇ ಕಲಂ ಓದಿದರೆ ವಕೀಲನ "ನೋಡಬೇಕಾಗತೈತಿ" ಅರ್ಥವಾಗುತ್ತದೆ. ಮಾಲೀಕನ ಅಥವಾ ಉಸ್ತುವಾರಿ ಇದ್ದವನ ಅನುಮತಿ ಇಲ್ಲದೆ ಕಂಪ್ಯೂಟರ್ ಜಾಲದೊಳಗೆ ಪ್ರವೇಶ ಪಡೆದರೆ ನಷ್ಟಪರಿಹಾರ ಕೊಡಬೇಕು. ಜಾಲ ಎಂದರೆ ತಂತಿಯದೂ ಹೌದು, ನಿಸ್ತಂತುವಿನದೂ ಹೌದು ಎಂದು ವ್ಯಾಖ್ಯೆಯಲ್ಲೇ ಇದೆ. ಕಲಮಿನಲ್ಲಿ ಇರುವ ಶಬ್ದ 'ಅನುಮತಿ'. 'ಕೀಲಿ' ಎಂಬ ಶಬ್ದ ಎಲ್ಲೂ ಇಲ್ಲ. ಕೀಲಿ ಇಲ್ಲದ್ದೇ ಅನುಮತಿ ಎಂದು ಯಾರೂ ಬರೆದುಕೊಟ್ಟಿಲ್ಲ. ಅದನ್ನೇ ಅಪ್ರಾಮಾಣಿಕವಾಗಿ ಅಥವಾ ಮೋಸದಿಂದ ಮಾಡಿದರೆ 66ನೇ ಕಲಂ: ಮೂರು ವರ್ಷದವರೆಗೆ ಸೆರೆ, ಐದು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಇನ್ನೊಬ್ಬರ ಪಾಸ್‌ವರ್ಡ್ ಕದ್ದು ಬಳಸಿದರೆ 66-ಸಿ ಬೇರೆ ಕಾದಿದೆ, ಅಲ್ಲಿಯೂ ಮೂರು ವರ್ಷ.

'ಅಪ್ರಾಮಾಣಿಕವಾಗಿ' ಎಂಬ ಶಬ್ದ ಇಲ್ಲಿ ಬಹಳ ದೊಡ್ಡದು. ಫೋನು ತಾನೇ ತಾನಾಗಿ ಹೋಗಿ ತೆರೆದ ವೈಫೈಗೆ ಅಂಟಿಕೊಂಡಿತು, ಮಾಲೀಕನಿಗೂ ಗೊತ್ತಿಲ್ಲ, ಫೋನಿನವನಿಗೂ ಗೊತ್ತಿಲ್ಲ. ಅದಕ್ಕೆ ಯಾರನ್ನೂ ಜೈಲಿಗೆ ಹಾಕಲಾಗದು, ಹಾಕಲೂಬಾರದು. ದಾರಿ ತಪ್ಪಿದವನು ಅರ್ಜೆಂಟಿಗೆ ಒಂದು ನಕಾಶೆ ನೋಡಿದ, ಅದೂ ಬಿಡಿ. ಆದರೆ ದಿನಾ ರಾತ್ರಿ ಅದೇ ಕಟ್ಟೆಗೆ ಬಂದು, ಶಟರ್ ಬೀಳುವುದನ್ನೇ ಕಾದು, ಮಾಲೀಕನ ಗಾಡಿ ಕಂಡರೆ ಎದ್ದು ಓಡುವವನಿಗೆ ತಾನು ಮಾಡುತ್ತಿರುವುದು ಏನೆಂದು ಗೊತ್ತಿದೆ. ಗೊತ್ತಿಲ್ಲದಿದ್ದರೆ ಓಡುತ್ತಿದ್ದನೇ?

ಕಣ್ಣಿಗೆ ಕಾಣದ ಮಾಲು ಕದ್ದರೆ ಕಳವೇ ಎಂಬ ಜಗಳ ಇಂದಿನದಲ್ಲ. ಕರೆಂಟಿನ ಕಳವು ಹಳೆಯ ದಂಡ ಸಂಹಿತೆಯ ಕಳವಿನೊಳಗೆ ಬರುವುದಿಲ್ಲ, ಅದು ವಿದ್ಯುತ್ ಕಾಯ್ದೆಯ ಅಪರಾಧ ಎಂದು 1960ರ ದಶಕದಲ್ಲಿ ಸುಪ್ರೀಂ ಕೋರ್ಟು ಪಂಜಾಬಿನ ಒಂದು ಖಟ್ಲೆಯಲ್ಲಿ ಹೇಳಿತ್ತು. ಈಗಿನ 2003ರ ವಿದ್ಯುತ್ ಕಾಯ್ದೆಯ 135ನೇ ಕಲಮಿನಲ್ಲಿ ಹುಕ್ ಹಾಕಿದವನಿಗೆ ಮೂರು ವರ್ಷದವರೆಗೆ ಸೆರೆ ಇದೆ. ಹುಕ್ ಹಾಕುವವರು ಕಡಿಮೆಯಾದರೇ ಎಂದು ಹೆಸ್ಕಾಂನವರನ್ನೇ ಕೇಳಬೇಕು. ಮಲಪ್ರಭೆಯ ಕಾಲುವೆಯ ಕತೆಯೂ ಹಾಗೆಯೇ. ನವಿಲುತೀರ್ಥದಿಂದ ನೀರು ಬಿಟ್ಟ ದಿನ ಮೇಲಿನವರು ಇಂಜಿನ್ ಇಟ್ಟು ಎತ್ತಿಕೊಂಡರೆ ಕೊನೆಯವನ ಹೊಲಕ್ಕೆ ಬರುವುದು ಬರೀ ತೇವ. "ಹರಿಯೂ ನೀರು ಯಾರಪ್ಪಂದು" ಎಂದು ಮೇಲಿನವನು ಹೇಳುತ್ತಾನೆ. ಕೊನೆಯ ಹೊಲದವನು ಹಾಗೆ ಹೇಳಿದ್ದನ್ನು ಯಾರೂ ಕೇಳಿಲ್ಲ. ವೈಫೈ ಲೈನಿಗೂ ಅಗಲ ಇದೆ. ಹೊರಗೆ ಐದು ಮಂದಿ ಸಿನಿಮಾ ಎಳೆಯುತ್ತಿದ್ದರೆ ಒಳಗೆ ಮಗಳ ಆನ್‌ಲೈನ್ ಪರೀಕ್ಷೆಯ ಪುಟ ಗಿರಗಿರ ತಿರುಗುತ್ತ ನಿಲ್ಲುತ್ತದೆ.

ಪರಿಹಾರ ಕೇಳಬೇಕೆಂದರೆ ಅದಕ್ಕೂ ದಾರಿ ಇದೆ, ಆದರೆ ದಾರಿ ಉದ್ದ. ಐದು ಕೋಟಿವರೆಗಿನ ಇಂಥ ತಕರಾರಿನ ನಿರ್ಣಯಾಧಿಕಾರಿ ರಾಜ್ಯದ ಮಾಹಿತಿ ತಂತ್ರಜ್ಞಾನ ಇಲಾಖೆಯ ಕಾರ್ಯದರ್ಶಿ. ಅವರು ಕೂಡುವುದು ಬೆಂಗಳೂರಿನಲ್ಲಿ. ತಿಂಗಳಿಗೆ ಆರೇಳು ನೂರು ರೂಪಾಯಿ ಬಿಲ್ಲಿನ ವೈಫೈಗಾಗಿ ಸವದತ್ತಿಯ ಯಾವ ಅಂಗಡಿಕಾರ ಅಲ್ಲಿಯವರೆಗೆ ಹೋದಾನು? ಹೀಗಾಗಿ ಕಾಯ್ದೆ ಪುಸ್ತಕದಲ್ಲಿದೆ, ಹುಡುಗರು ಕಟ್ಟೆಯ ಮೇಲಿದ್ದಾರೆ.

ಬೇರೆ ದೇಶಗಳಲ್ಲಿ ಇದನ್ನು ಬರೀ ಪುಸ್ತಕದಲ್ಲಿ ಬಿಟ್ಟಿಲ್ಲ. ಸಿಂಗಾಪುರದಲ್ಲಿ ಪಕ್ಕದವರ ವೈಫೈ ಬಳಸಿದ 17 ವರ್ಷದ ಹುಡುಗನೊಬ್ಬನ ಮೇಲೆ 2006ರಲ್ಲಿ ಖಟ್ಲೆ ಹಾಕಿದರು. ಜೈಲಿಗೆ ಕಳಿಸಲಿಲ್ಲ, 18 ತಿಂಗಳು ನಿಗಾದಲ್ಲಿ ಇಟ್ಟರು. ಜರ್ಮನಿ ಇನ್ನೊಂದು ತುದಿಯಿಂದ ಹಿಡಿಯಿತು. 2010ರ ಮೇ ತಿಂಗಳಲ್ಲಿ ಅಲ್ಲಿಯ ಉಚ್ಚ ನ್ಯಾಯಾಲಯ ಮನೆಯ ವೈಫೈಗೆ ಪಾಸ್‌ವರ್ಡ್ ಹಾಕುವುದು ಮಾಲೀಕನ ಹೊಣೆ ಎಂದಿತು. ಹಾಕದೆ ಬಿಟ್ಟು, ಯಾರೋ ಬಂದು ಹಾಡು ಕದ್ದರೆ ಮಾಲೀಕನಿಗೂ ವಕೀಲರ ನೋಟೀಸಿನ ಖರ್ಚು ಬೀಳುತ್ತಿತ್ತು. ಪರಿಣಾಮ ಏನಾಯಿತೆಂದರೆ ಚಹಾದಂಗಡಿಯವರೂ ಹೆದರಿ ವೈಫೈ ಮುಚ್ಚಿದರು, ಊರೂರಲ್ಲಿ ಪುಕ್ಕಟೆ ವೈಫೈ ಸಿಗುವುದೇ ಕಷ್ಟವಾಯಿತು. ಕೊನೆಗೆ 2017ರಲ್ಲಿ ಕಾಯ್ದೆಯನ್ನೇ ತಿದ್ದಿ ಆ ಹೊಣೆ ತೆಗೆದರು. ಕೀಲಿ ಹಾಕಿಸಲು ಹೋಗಿ ಊರಿನ ಬಾಗಿಲನ್ನೇ ಮುಚ್ಚಿದಂತಾಗಿತ್ತು.

ಮಾಲೀಕರದೇನೂ ತಪ್ಪಿಲ್ಲವೇ? ಇದೆ. ಈಗ ಬರುವ ಪೆಟ್ಟಿಗೆಗಳಲ್ಲಿ ಬಹಳಷ್ಟು ಪಾಸ್‌ವರ್ಡ್ ಸಹಿತವೇ ಬರುತ್ತವೆ. ಅದನ್ನು ತೆಗೆಸುವವನು ಮಾಲೀಕನೇ, ಯಾಕೆಂದರೆ ಬಂದ ಬೀಗರಿಗೆಲ್ಲ ಪದೇ ಪದೇ ಹೇಳುವುದು ಬೇಸರ. ತೆಗೆಸದಿದ್ದವರು ಇಟ್ಟುಕೊಂಡಿರುವ ಪಾಸ್‌ವರ್ಡೋ, ಒಂದರಿಂದ ಎಂಟರವರೆಗಿನ ಅಂಕಿ. ಇಲ್ಲವೆ ಅಂಗಡಿಯ ಬೋರ್ಡಿನ ಮೇಲೆ ಎರಡಡಿ ಅಕ್ಷರದಲ್ಲಿ ಬರೆದ ಸ್ವಂತ ಮೊಬೈಲ್ ನಂಬರು. ಲೈನು ಎಳೆಯಲು ಬರುವ ಹುಡುಗನಿಗೆ ದಿನಕ್ಕೆ ಹತ್ತು ಮನೆ. ಅವನು ಹೇಳಿದ್ದೇ ಪಾಸ್‌ವರ್ಡು, ಅವನಿಗೆ ನೆನಪಿದ್ದದ್ದೇ ಪಾಸ್‌ವರ್ಡು. ಆ ಓಣಿಯ ಅಷ್ಟೂ ಮನೆಗೆ ಒಂದೇ ಕೀಲಿಕೈ.

ಹೋಟೆಲಿನವರದು ಇನ್ನೊಂದು ಪೇಚು. ಚಹಾ ಕುಡಿಯಲು ಬಂದವರಿಗೆಂದು ಗೋಡೆಯ ಮೇಲೆ ಪಾಸ್‌ವರ್ಡ್ ಬರೆದಿರುತ್ತಾರೆ. ಚಹಾ ಕುಡಿದವನು ಗೆಳೆಯನಿಗೆ ಹೇಳುತ್ತಾನೆ, ಗೆಳೆಯ ಇಡೀ ಕಾಲೇಜಿಗೆ. ಇದು ಅನುಮತಿಯೋ ಅಲ್ಲವೋ? ಹೋಟೆಲು ತೆರೆದಾಗ, ಟೇಬಲ್ಲಿಗೆ ಕೂತಾಗ ಇದ್ದ ಅನುಮತಿ ಹೋಟೆಲು ಮುಚ್ಚಿದ ಮೇಲೆ ಹಿಂದಿನ ಸಂದಿಯಲ್ಲಿ ನಿಂತವನಿಗೂ ಇದೆ ಎಂದರೆ, ಊಟದ ಪಂಕ್ತಿಗೆ ಕರೆದವನ ಅಡಿಗೆಮನೆಗೆ ನಡುರಾತ್ರಿ ಹೋದಂತಾಯಿತು.

ಇಷ್ಟೆಲ್ಲ ಹೇಳಿ ಹುಡುಗರನ್ನು ಕಟ್ಟೆಯಿಂದ ಎಬ್ಬಿಸಿ ಓಡಿಸಿದರೆ ಮುಗಿಯಿತೇ? ಅವರಲ್ಲಿ ಸಿನಿಮಾ ನೋಡುವವರು ಎಷ್ಟೋ, ಅಷ್ಟೇ ಮಂದಿ ಸಿಇಟಿ ಅರ್ಜಿ ತುಂಬುವವರು, ವಿದ್ಯಾರ್ಥಿವೇತನದ ಪುಟ ತೆರೆಯಲು ಪರದಾಡುವವರು, ಪೊಲೀಸ್ ಭರತಿಯ ಹಳೆಯ ಪ್ರಶ್ನೆಪತ್ರಿಕೆ ಇಳಿಸುವವರು. 2020ರಲ್ಲಿ ಕೊರೋನಾ ಬಂದು ಶಾಲೆ ಮುಚ್ಚಿದಾಗ ಪಾಠವನ್ನು ಮೊಬೈಲಿಗೆ ಹಾಕಿ, ರೀಚಾರ್ಜ್ ಖರ್ಚನ್ನು ಕೂಲಿಯವರ ತಲೆಗೆ ಹಾಕಿದ್ದು ಇದೇ ವ್ಯವಸ್ಥೆ. ಆಗ ಪಕ್ಕದ ಮನೆಯವರ ವೈಫೈ ಮೇಲೆ ಕಲಿತ ಮಕ್ಕಳು ಎಷ್ಟೋ. ಅವರಲ್ಲಿ ಬಹಳ ಮಂದಿ ಕೇಳಿಯೇ ಪಡೆದಿದ್ದರು, ಕೊಟ್ಟವರೂ ಸಂತೋಷದಿಂದಲೇ ಕೊಟ್ಟಿದ್ದರು. "ಅಕ್ಕಾರ, ಪರೀಕ್ಷಾ ಐತ್ರಿ, ಒಂದ್ ತಾಸು ಹಚ್ಚಿಕೊಡ್ರಿ" ಎಂದರೆ ಈ ನಾಲ್ಕು ಊರಿನಲ್ಲಿ ಬಾಗಿಲು ಹಾಕಿಕೊಳ್ಳುವ ಮನೆ ಎಷ್ಟಿವೆ? ಯಾರು ಬಳಸುತ್ತಿದ್ದಾರೆಂದು ಆ ಮನೆಯವರಿಗೆ ಗೊತ್ತು, ನಾಳೆ ನೋಟೀಸು ಬಂದರೆ ಹೇಳಲು ಒಂದು ಹೆಸರಿದೆ. ಕೇಳುವುದಕ್ಕೂ ಕೇಳದಿರುವುದಕ್ಕೂ ಇರುವ ವ್ಯತ್ಯಾಸ ಅದು.

ಸರಕಾರದ ಕಾಗದದ ಮೇಲೆ ದಾರಿಗಳಿಗೇನೂ ಬರ ಇಲ್ಲ. 2014ರಲ್ಲಿ ಬೆಂಗಳೂರಿನ ಎಂ.ಜಿ. ರಸ್ತೆಯಲ್ಲಿ ಪುಕ್ಕಟೆ ವೈಫೈ ಉದ್ಘಾಟನೆಯಾಗಿ ಫೋಟೋ ಬಂದವು. ಸೇವೆ ಬಹಳ ದಿನ ಬಾಳಲಿಲ್ಲ. 2016ರಿಂದ ರೈಲು ಸ್ಟೇಶನ್ನುಗಳಿಗೆ ವೈಫೈ ಬಂತು. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಕ್ಕೆ ರೈಲೇ ಇಲ್ಲ, ಸ್ಟೇಶನ್ನಿನ ವೈಫೈ ಎಲ್ಲಿಂದ? 2020ರ ಡಿಸೆಂಬರಿನಲ್ಲಿ ಕೇಂದ್ರ ಸಂಪುಟ ಪಿಎಂ-ವಾಣಿ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಅದರ ಪ್ರಕಾರ ಕಿರಾಣಿ ಅಂಗಡಿಯವನೂ ಚಹಾದಂಗಡಿಯವನೂ ಲೈಸೆನ್ಸಿಲ್ಲದೆ, ಫೀ ಕಟ್ಟದೆ ಸಾರ್ವಜನಿಕರಿಗೆ ವೈಫೈ ಕೊಡಬಹುದು, ಬೇಕಾದರೆ ಮಾರಬಹುದು. ಹಿಂದೆ ಹಳದಿ ಬೋರ್ಡಿನ ಎಸ್‌ಟಿಡಿ ಬೂತ್ ಇತ್ತಲ್ಲ, ಅದೇ ಲೆಕ್ಕ. ಬಳಸುವವನ ಗುರುತು ಆ್ಯಪಿನಲ್ಲೇ ದಾಖಲಾಗುವುದರಿಂದ ಅಂಗಡಿಕಾರ ಇನ್ನೊಬ್ಬನ ಪಾಪ ಹೊರಬೇಕಿಲ್ಲ. ಈ ನಾಲ್ಕು ಊರಿನ ಬಜಾರಿನಲ್ಲಿ ಈ ಯೋಜನೆಯ ಹೆಸರು ಹೇಳಿ ನೋಡಿ. "ಅದ್ಯಾವ ವಾಣಿರೀ? ಆಕಾಶವಾಣಿ ಏನು?" ಎಂದು ಕೇಳಿದರೆ ಆಶ್ಚರ್ಯವಿಲ್ಲ.

ಗ್ರಾಮ ಪಂಚಾಯಿತಿಗಳಿಗೆ ಕೇಬಲ್ ಎಳೆಯುವ ಯೋಜನೆಗೆ 2011ರಲ್ಲೇ ಕೇಂದ್ರದ ಒಪ್ಪಿಗೆ ಸಿಕ್ಕಿತ್ತು, ಅದಕ್ಕೀಗ ಭಾರತ್‌ನೆಟ್ ಎಂದು ಹೆಸರು. ಹಳ್ಳಿಯ ಗ್ರಂಥಾಲಯಗಳು ಅರಿವು ಕೇಂದ್ರಗಳಾಗಿವೆ. ಹೆಸರು ಚೆಂದ ಇದೆ. ಹುಡುಗರಿಗೆ ಬೇಕಾದ್ದು ಸಂಜೆ ಏಳರ ಮೇಲೆ ತೆರೆದಿರುವ ಒಂದು ಕೋಣೆ, ನಾಲ್ಕು ಕುರ್ಚಿ, ಹೆಸರು ಬರೆದು ಒಳಗೆ ಬಿಡುವ ಒಂದು ವಹಿ.

ಯಲ್ಲಮ್ಮನ ಗುಡ್ಡದ ಜಾತ್ರೆಗೆ ಬರುವವರಿಗೂ ಒಂದು ಮಾತು. ಭಾರತ ಹುಣ್ಣಿಮೆಯ ಗದ್ದಲದಲ್ಲಿ ಮೊಬೈಲ್ ಸಿಗ್ನಲ್ ಸಾಯುತ್ತದೆ, ಆಗ 'ಫ್ರೀ ವೈಫೈ' ಎಂಬ ಹೆಸರು ಕಂಡರೆ ದೇವಿಯೇ ಕಳಿಸಿದಳು ಎನಿಸುತ್ತದೆ. ಆ ಹೆಸರನ್ನು ಯಾರು ಬೇಕಾದರೂ ಇಡಬಹುದು, ಕಿಸೆಯಲ್ಲಿ ಒಂದು ಫೋನಿದ್ದರೆ ಸಾಕು. ಅದರ ಮೇಲೆ ಬ್ಯಾಂಕಿನದೆಂದು ತೋರುವ ಸುಳ್ಳು ಪುಟ ತೆರೆಸಿ ಗುಟ್ಟು ಬರೆಯಿಸಿಕೊಳ್ಳುವ ಕಲೆಯೂ ಹೊಸದಲ್ಲ. ರೊಕ್ಕ ಹೋದದ್ದು ತಿಳಿದ ಕೂಡಲೇ 1930ಕ್ಕೆ ಫೋನು ಹಚ್ಚಬೇಕು. ಊರಿಗೆ ಹೋಗಿ ಹಿರಿಯರನ್ನು ಕೇಳಿ ಹಚ್ಚುತ್ತೇನೆಂದರೆ ಅಷ್ಟರಲ್ಲಿ ರೊಕ್ಕ ಮೂರು ಖಾತೆ ದಾಟಿರುತ್ತದೆ.

ಬೈಲಹೊಂಗಲ, ಸವದತ್ತಿ, ರಾಮದುರ್ಗದ ಪುರಸಭೆಗಳೂ ಕಿತ್ತೂರಿನ ಪಟ್ಟಣ ಪಂಚಾಯಿತಿಯೂ ಪ್ರತಿ ವರ್ಷ ಬಜೆಟ್ ಮಂಡಿಸುತ್ತವೆ. ಬೀದಿ ದೀಪಕ್ಕೆ ಎಷ್ಟು, ಸ್ವಾಗತ ಕಮಾನಿಗೆ ಎಷ್ಟು ಎಂದು ಅದರಲ್ಲಿ ಬರೆದಿರುತ್ತದೆ. ಬಸ್ ಸ್ಟ್ಯಾಂಡಿನಲ್ಲಿ ಒಂದು, ಗ್ರಂಥಾಲಯದಲ್ಲಿ ಒಂದು, ಮೊಬೈಲ್ ನಂಬರು ಕೇಳಿ ಒಳಗೆ ಬಿಡುವ ವೈಫೈಗೆ ಎಷ್ಟು ಎಂದು ಒಬ್ಬ ಸದಸ್ಯನಾದರೂ ಕೇಳಲಿ. ಪ್ರತಿ ಅಕ್ಟೋಬರ್ 23ಕ್ಕೆ ಕಿತ್ತೂರು ಉತ್ಸವದ ದೀಪ ಹಚ್ಚುವಾಗ ಕೋಟೆಯ ಮುಂದೆ ಮೂರು ದಿನದ ಮಟ್ಟಿಗೆ ಎಲ್ಲ ಸಿಗುತ್ತದೆ. ನಾಲ್ಕನೆಯ ದಿನ ಆ ಹುಡುಗರು ಮತ್ತೆ ಝೆರಾಕ್ಸ್ ಅಂಗಡಿಯ ಬೆಂಚಿಗೆ ಬರುತ್ತಾರೆ. ಅಂಗಡಿಯವನು ಇವತ್ತು ರಾತ್ರಿಯೇ ಪಾಸ್‌ವರ್ಡ್ ಬದಲಿಸಲಿ. ಬೆಂಚಿನ ಮೇಲೆ ಕೂತವನು ನಾಳೆ ಮುಂಜಾನೆ ಬಂದು ಕೇಳಿದರೆ, ಹೆಸರು ಬರೆದುಕೊಂಡು ಕೊಡಲಿ.